ಅಡ್ಡಗವಲಿನ ನೆನಪು: ಕುಂಡದಲ್ಲಿ ಪೊದೆಮೆಣಸು ಬೆಳೆಸುವ ಬಗೆ

ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ ನೆಲದ ಮೇಲೆ ಹರಿದಾಡುವ ಹಬ್ಬುಬಳ್ಳಿಯನ್ನು ಕತ್ತರಿಸಿ ನೆಟ್ಟರೆ ಅದು ಹತ್ತಿರದ ಅಡಿಕೆ ಮರವನ್ನೋ ಸಿಲ್ವರ್ ಓಕನ್ನೋ ಹಿಡಿದು ಮೇಲೇರುತ್ತದೆ. ಅದೇ ಬಳ್ಳಿಯ ಮೇಲ್ಭಾಗದಲ್ಲಿ ಮೆಣಸು ಬಿಟ್ಟ ಅಡ್ಡಗವಲನ್ನು ಕತ್ತರಿಸಿ ನೆಟ್ಟರೆ ಅದು ಯಾವ ಮರವನ್ನೂ ಹತ್ತುವುದಿಲ್ಲ. ಮೊಣಕಾಲೆತ್ತರದ ಪೊದೆಯಾಗಿ ಹರಡಿ, ಇದ್ದಲ್ಲಿಯೇ ತೆನೆ ಬಿಡತೊಡಗುತ್ತದೆ. ಎರಡೂ ತುಂಡುಗಳ ಜೀವಕೋಶಗಳಲ್ಲಿರುವ ವಂಶವಾಹಿಗಳು ಒಂದೇ, ನೆಟ್ಟ ಮಣ್ಣೂ ಒಂದೇ ಇರಬಹುದು, ಹಾಕಿದ ನೀರೂ ಒಂದೇ ಇರಬಹುದು. ಆದರೂ ಗಿಡಗಳು ಎರಡು ಬಗೆಯವಾಗುವುದು ತುಂಡು ತಾಯಿಬಳ್ಳಿಯ ಯಾವ ಭಾಗದಿಂದ ಬಂತು ಎಂಬ ಒಂದೇ ಕಾರಣಕ್ಕೆ. ಪೊದೆಮೆಣಸು ಅಥವಾ ಬುಷ್ ಪೆಪ್ಪರ್ ಎಂದು ನರ್ಸರಿಗಳಲ್ಲಿ ಮಾರುವ ಗಿಡದ ಗುಟ್ಟು ಇಷ್ಟೇ. ತೋಟವಿಲ್ಲದವರೂ ತಾರಸಿಯ ಮೇಲೆ ಇದನ್ನು ಮಾಡಿಕೊಳ್ಳಬಹುದು. ಮಾಡುತ್ತಾ ಹೋದಂತೆ ಸಸ್ಯವೊಂದು ಹೇಗೆ ಬೆಳೆಯುತ್ತದೆ, ಹೇಗೆ ಹೂವು ಕಾಯಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲೂಬಹುದು.

ಕಾಳುಮೆಣಸು ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಸಸ್ಯ. ದೊಡ್ಡ ಮರಗಳ ನೆರಳಿನಲ್ಲಿ ಮೊಳೆತ ಬಳ್ಳಿಗೆ ಮೊದಲು ಬೇಕಾದುದು ಬೆಳಕು. ತನ್ನದೇ ದಪ್ಪ ಕಾಂಡ ಕಟ್ಟಿ ನಿಲ್ಲಲು ಬೇಕಾಗುವ ಆಹಾರವನ್ನು ಉಳಿಸಿ, ಪಕ್ಕದ ಮರದ ತೊಗಟೆಯನ್ನು ಹಿಡಿದು ಮೇಲೇರುವ ದಾರಿಯನ್ನು ಅದು ಕಂಡುಕೊಂಡಿದೆ. ಏರುವ ಕಾಂಡದ ಒಂದೊಂದು ಗೆಣ್ಣಿನಲ್ಲೂ ಗಿಡ್ಡ ಬೇರುಗಳ ಗೊಂಚಲು ಹುಟ್ಟಿ ತೊಗಟೆಗೆ ಅಂಟಿಕೊಳ್ಳುತ್ತದೆ. ಈ ಅಂಟುಬೇರುಗಳು ಆಸರೆಮರದ ಸಾರವನ್ನು ಹೀರುತ್ತವೆ ಎಂದು ನಂಬುವವರು ಇನ್ನೂ ಇದ್ದಾರೆ, ಅದು ನಿಜವಲ್ಲ. ನೀರು, ಪೋಷಕಾಂಶಗಳನ್ನು ಒದಗಿಸುವುದು ಮಣ್ಣಿನಲ್ಲಿರುವ ಬೇರುಗಳು ಮಾತ್ರ. ಅಂಟುಬೇರುಗಳದು ಬಳ್ಳಿಯನ್ನು ಹಿಡಿದು ನಿಲ್ಲಿಸುವ ಕೆಲಸ. ಮೇಲೇರಿ ಬೆಳಕು ಸಿಕ್ಕ ಮೇಲೆ ಬಳ್ಳಿ ಅಡ್ಡಡ್ಡವಾಗಿ ಕವಲುಗಳನ್ನು ಚಾಚುತ್ತದೆ. ಈ ಅಡ್ಡಗವಲುಗಳಲ್ಲಿ ಅಂಟುಬೇರು ಇರುವುದಿಲ್ಲ, ಅವುಗಳ ಕೆಲಸ ತೆನೆ ಬಿಡುವುದು. ಹೀಗೆ ಏರುವ ಹೊಣೆ ಒಂದು ಬಗೆಯ ಕುಡಿಗೆ, ಫಲ ಕೊಡುವ ಹೊಣೆ ಇನ್ನೊಂದು ಬಗೆಯ ಕುಡಿಗೆ ಹಂಚಿಹೋಗಿದೆ.

ಕಾಫಿ ಬೆಳೆಗಾರರಿಗೆ ಈ ಹಂಚಿಕೆ ಹೊಸದಲ್ಲ. ರೋಬಸ್ಟಾ ಕಾಫಿಯ ಸಸಿ ಮಾಡುವಾಗ ನೆಟ್ಟಗೆ ಬೆಳೆಯುವ ಕಂಬಚಿಗುರಿನ ತುಂಡನ್ನೇ ಆರಿಸುತ್ತಾರೆ. ಪಕ್ಕದ ರೆಕ್ಕೆಯ ತುಂಡನ್ನು ನೆಟ್ಟರೆ ಗಿಡ ನೆಟ್ಟಗೆ ಏಳದೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಕಾಫಿಯಲ್ಲಿ ತೊಂದರೆ ಎನಿಸುವ ಈ ಗುಣವೇ ಕುಂಡದ ಮೆಣಸಿನಲ್ಲಿ ನಮಗೆ ಬೇಕಾದದ್ದು.

ಕವಲನ್ನು ಗುರುತಿಸುವುದು

ಚೆನ್ನಾಗಿ ಇಳುವರಿ ಕೊಡುವ, ರೋಗವಿಲ್ಲದ ಬಳ್ಳಿಯನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತುಂಡಿನಿಂದ ಬೆಳೆದ ಗಿಡ ತಾಯಿಯ ಪಡಿಯಚ್ಚು ಆಗಿರುತ್ತದೆಯಾದ್ದರಿಂದ ತಾಯಿಯಲ್ಲಿ ಇಲ್ಲದ ಗುಣ ಮಗುವಿನಲ್ಲಿ ಬರುವುದಿಲ್ಲ. ಬೀಜದ ಸಸಿಯ ವಿಷಯ ಹಾಗಲ್ಲ. ಕಾಡುಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ನಮ್ಮ ಹಿರಿಯರು ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುವ ಬಳ್ಳಿಗಳನ್ನು ಆಯ್ದು, ಅವುಗಳ ತುಂಡುಗಳನ್ನೇ ತಲೆಮಾರುಗಳ ಕಾಲ ನೆಡುತ್ತಾ ಬಂದುದರಿಂದ ಇಂದಿನ ತೋಟದ ತಳಿಗಳು ಉಳಿದಿವೆ. ಬೀಜ ಬಿತ್ತಿದರೆ ಆ ಆಯ್ಕೆಯ ಫಲ ಕೈತಪ್ಪಿ ಹೋಗಬಹುದು. ಅಲ್ಲದೆ, ಒಣಗಿಸಿದ ಕರಿಮೆಣಸು ಮೊಳೆಯುವುದೇ ಇಲ್ಲ; ಹಣ್ಣಾದ ಕಾಳಿನ ಸಿಪ್ಪೆ ತೆಗೆದು ಹಸಿಯಾಗಿದ್ದಾಗಲೇ ಬಿತ್ತಬೇಕು.

ಬಳ್ಳಿಯ ಮುಂದೆ ನಿಂತು ಮೊದಲು ಮರಕ್ಕೆ ಅಂಟಿದ ದಪ್ಪ ಕಾಂಡವನ್ನು ನೋಡಿ. ಅದರಿಂದ ಹೊರಚಾಚಿ, ಯಾವುದಕ್ಕೂ ಅಂಟದೆ ನಿಂತ ಕವಲೇ ಅಡ್ಡಗವಲು. ಇದರಲ್ಲಿ ತೆನೆ ಎಲ್ಲಿ ಹುಟ್ಟಿದೆ ಎಂಬುದನ್ನು ಗಮನವಿಟ್ಟು ನೋಡಬೇಕು. ಹೆಚ್ಚಿನ ಗಿಡಗಳಲ್ಲಿ ಹೂವು ಎಲೆಯ ಕಂಕುಳಿನಲ್ಲಿ ಬರುತ್ತದೆ. ಮೆಣಸಿನಲ್ಲಿ ತೆನೆ ಬರುವುದು ಎಲೆಯ ಎದುರು ಬದಿಯಲ್ಲಿ. ಇದಕ್ಕೆ ಸೊಗಸಾದ ಕಾರಣವಿದೆ. ಅಡ್ಡಗವಲಿನ ತುದಿಯಲ್ಲಿರುವ ವರ್ಧನ ಅಂಗಾಂಶ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಭಾಗ, ತಾನೇ ತೆನೆಯಾಗಿ ಮಾರ್ಪಟ್ಟು ಬೆಳವಣಿಗೆಯನ್ನು ಮುಗಿಸಿಬಿಡುತ್ತದೆ. ಆಗ ಪಕ್ಕದ ಎಲೆಯ ಕಂಕುಳಿನ ಮೊಗ್ಗು ಮುಂದೊತ್ತಿ ಬಂದು ಕವಲನ್ನು ಮುಂದುವರಿಸುತ್ತದೆ, ಹಳೆಯ ತುದಿ ಪಕ್ಕಕ್ಕೆ ಸರಿದು ಎಲೆಯ ಎದುರು ನೇತಾಡುತ್ತದೆ. ಸ್ವಲ್ಪ ದಿನಕ್ಕೆ ಆ ಹೊಸ ತುದಿಯೂ ತೆನೆಯಾಗುತ್ತದೆ. ಹೀಗಾಗಿ ಒಂದೇ ಕವಲಿನಂತೆ ಕಾಣುವ ಅಡ್ಡಗವಲು ನಿಜವಾಗಿ ಒಂದರ ಹೆಗಲ ಮೇಲೆ ಇನ್ನೊಂದರಂತೆ ಬೆಳೆದ ಹಲವು ಪುಟ್ಟ ಕವಲುಗಳ ಸರಪಳಿ. ಪೊದೆಮೆಣಸು ಎತ್ತರಕ್ಕೆ ಹೋಗದೆ ಅಂಕುಡೊಂಕಾಗಿ ಹರಡುವುದಕ್ಕೂ, ಬೇಗನೆ ತೆನೆ ಬಿಡುವುದಕ್ಕೂ ಈ ಬೆಳವಣಿಗೆಯ ಕ್ರಮವೇ ಕಾರಣ.

ತುಂಡಿಗೆ ಒಂದು ವರ್ಷದ ಆಸುಪಾಸಿನ ಬಲಿತ ಅಡ್ಡಗವಲನ್ನು ಆರಿಸಿಕೊಳ್ಳಿ. ತೀರಾ ಎಳೆಯದಾದರೆ ಕೊಳೆಯುತ್ತದೆ, ತೀರಾ ಹಳೆಯದಾದರೆ ಬೇರು ಬಿಡಲು ತಡಮಾಡುತ್ತದೆ. ಕೊಯ್ಲು ಮುಗಿದ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನೆರಳಿನ ಕೆಳಗೆ ನೆಟ್ಟರೆ ಮಳೆಗಾಲ ಹಿಡಿಯುವ ಹೊತ್ತಿಗೆ ಸಸಿ ಸಿದ್ಧವಾಗಿರುತ್ತದೆ.

ಕತ್ತರಿಸಿದ ಮೇಲೆ ಒಳಗೆ ನಡೆಯುವುದು

ಮೂರರಿಂದ ಐದು ಗೆಣ್ಣುಗಳಿರುವಂತೆ, ಕೊನೆಯ ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ತುದಿಯ ಒಂದು ಎಲೆಯನ್ನು ಉಳಿಸಿಕೊಂಡು ಉಳಿದವನ್ನು ತೊಟ್ಟಿನ ಸ್ವಲ್ಪ ಭಾಗ ಬಿಟ್ಟು ತೆಗೆಯಿರಿ. ತೆನೆಗಳಿದ್ದರೆ ಅವನ್ನೂ ತೆಗೆಯಬೇಕು, ಏಕೆಂದರೆ ತುಂಡಿನಲ್ಲಿ ಕೂಡಿಟ್ಟ ಆಹಾರ ಕಾಳಿಗೆ ಹೋಗದೆ ಬೇರಿಗೆ ಹೋಗಬೇಕು.

ಎಲೆ ಒಂದೇ ಸಾಕು, ಆದರೆ ಒಂದಾದರೂ ಬೇಕು ಎನ್ನುವುದಕ್ಕೆ ಕಾರಣ ತಿಳಿದಿದ್ದರೆ ಕೈ ತಪ್ಪುವುದಿಲ್ಲ. ಎಲೆಯ ತಳಭಾಗದಲ್ಲಿರುವ ಪತ್ರರಂಧ್ರಗಳ ಮೂಲಕ ಗಿಡ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ. ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರಿಲ್ಲದ ತುಂಡಿಗೆ ಕಳೆದ ನೀರನ್ನು ತುಂಬಿಕೊಳ್ಳುವ ದಾರಿಯಿಲ್ಲ, ಹಾಗಾಗಿ ಎಲೆ ಹೆಚ್ಚಾದಷ್ಟೂ ಅದು ಬೇಗ ಬಾಡುತ್ತದೆ. ಎಲ್ಲ ಎಲೆಗಳನ್ನೂ ತೆಗೆದರೆ ಆಹಾರ ತಯಾರಿಕೆಯೇ ನಿಂತುಹೋಗುತ್ತದೆ. ಅದರೊಂದಿಗೆ ಆಕ್ಸಿನ್ ಎಂಬ ಹಾರ್ಮೋನಿನ ಹರಿವೂ ಕುಗ್ಗುತ್ತದೆ. ಎಳೆಯ ಎಲೆ ಮತ್ತು ಮೊಗ್ಗುಗಳಲ್ಲಿ ಹುಟ್ಟುವ ಆಕ್ಸಿನ್ ಸದಾ ಬುಡದ ಕಡೆಗೆ ಇಳಿಯುತ್ತದೆ. ಇಳಿಯುವ ದಾರಿ ಕತ್ತರಿಸಿಹೋದಾಗ ಗಾಯದ ಬಳಿ ಬಂದು ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡ ಆಕ್ಸಿನ್‌ನ ಪ್ರಭಾವದಿಂದ ಅಲ್ಲಿನ ಕೆಲವು ಕೋಶಗಳು ತಮ್ಮ ಹಳೆಯ ಕೆಲಸವನ್ನು ಬಿಟ್ಟು ಮತ್ತೆ ವಿಭಜನೆಗೊಳ್ಳುತ್ತವೆ, ಬೇರಿನ ಮೊಳಕೆಗಳಾಗಿ ರೂಪುಗೊಳ್ಳುತ್ತವೆ. ಬೇರಿನಿಂದಲ್ಲದೆ ಕಾಂಡದಿಂದ ಹುಟ್ಟುವ ಇಂತಹವನ್ನು ಶಾಲೆಯ ಪಠ್ಯದಲ್ಲಿ ಅಪಸ್ಥಾನಿಕ ಬೇರುಗಳೆಂದು ಓದಿರುತ್ತೇವೆ. ತುಂಡನ್ನು ತಲೆಕೆಳಗಾಗಿ ನೆಡಬಾರದು ಎನ್ನುವುದೂ ಇದಕ್ಕಾಗಿಯೇ: ಆಕ್ಸಿನ್ ಇಳಿಯುವ ದಿಕ್ಕು ನಾವು ತಿರುಗಿಸಿಟ್ಟ ಮಾತ್ರಕ್ಕೆ ಬದಲಾಗುವುದಿಲ್ಲ.

ಹಬ್ಬುಬಳ್ಳಿಯ ಗೆಣ್ಣುಗಳಲ್ಲಿ ಬೇರಿನ ಸಿದ್ಧತೆ ಮೊದಲೇ ಇರುವುದರಿಂದ ಅದು ಸುಲಭವಾಗಿ ಹಿಡಿಯುತ್ತದೆ. ಅಡ್ಡಗವಲಿಗೆ ಆ ಅನುಕೂಲವಿಲ್ಲ. ನೆಟ್ಟದ್ದೆಲ್ಲ ಹಿಡಿಯುತ್ತದೆ ಎಂದು ಎಣಿಸದೆ, ಬೇಕಾದುದಕ್ಕಿಂತ ಎರಡು ಮೂರು ಪಟ್ಟು ತುಂಡುಗಳನ್ನು ನೆಡುವುದು ಲೇಸು. ಇಲ್ಲಿ ಬೇರು ಬರಿಸುವ ಐಬಿಎ ಎಂಬ ಹಾರ್ಮೋನು ನೆರವಾಗುತ್ತದೆ. ಲೀಟರಿಗೆ 1 ಗ್ರಾಂ, ಅಂದರೆ 1000 ಪಿಪಿಎಂ ಪ್ರಮಾಣದ ದ್ರಾವಣದಲ್ಲಿ ತುಂಡಿನ ಬುಡವನ್ನು 45 ಸೆಕೆಂಡು ಅದ್ದಬೇಕು. ಐಬಿಎ ನೀರಿನಲ್ಲಿ ನೇರವಾಗಿ ಕರಗದ ಕಾರಣ ಮನೆಯಲ್ಲಿ ಮಾಡುವವರಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಪುಡಿಯೇ ಅನುಕೂಲ; ಬುಡವನ್ನು ಒದ್ದೆ ಮಾಡಿ ಪುಡಿಯಲ್ಲಿ ತಾಗಿಸಿ ಕೊಡವಿದರೆ ಸಾಕು.

ಮರಳು ಬೆರೆಸಿದ ಸಡಿಲ ಮಣ್ಣು ತುಂಬಿದ ಪಾಲಿಥೀನ್ ಚೀಲದಲ್ಲಿ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಬುಡವನ್ನು ಒತ್ತಿ, ನೀರು ಚಿಮುಕಿಸಿ. ಬಳಿಕ ಇಡೀ ಚೀಲವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಮುಚ್ಚಿ ನೆರಳಿನಲ್ಲಿಡಿ. ಒಳಗಿನ ಗಾಳಿ ತೇವದಿಂದ ತುಂಬಿದ್ದರೆ ಎಲೆಯಿಂದ ನೀರು ಆವಿಯಾಗುವುದು ತೀರಾ ಕಡಿಮೆಯಾಗಿ, ಬೇರು ಬರುವವರೆಗೆ ತುಂಡು ಜೀವ ಹಿಡಿದುಕೊಳ್ಳುತ್ತದೆ. ಈ ಮುಚ್ಚಿಗೆಯನ್ನು ದಿನಕ್ಕೊಮ್ಮೆ ತೆಗೆದು ನೋಡುವ ಆಸೆಯನ್ನು ತಡೆದುಕೊಳ್ಳಲೇಬೇಕು. ನಾನು ಮೊದಲ ವರ್ಷ ನೆಟ್ಟ ತುಂಡುಗಳಲ್ಲಿ ಹೆಚ್ಚಿನವು ಒಣಗಿದ್ದು ರೋಗದಿಂದಲ್ಲ, ಚಿಗುರಿತೇ ಎಂದು ಮತ್ತೆ ಮತ್ತೆ ತೆರೆದು ನೋಡಿದ ಕಾರಣದಿಂದ. ಸಾಮಾನ್ಯವಾಗಿ 30ರಿಂದ 40 ದಿನಗಳಲ್ಲಿ ಬೇರು ಮೂಡುತ್ತದೆ. ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿದೆ ಎಂದು ತಿಳಿಯಬಾರದು. ಕೂಡಿಟ್ಟ ಆಹಾರದಿಂದಲೇ ಮೊಗ್ಗು ಒಡೆದಿರಬಹುದು. ಹೊಸ ಎಲೆ ಪೂರ್ತಿ ಬಿಚ್ಚಿಕೊಂಡು ಗಟ್ಟಿಯಾದ ಮೇಲೆ ಮುಚ್ಚಿಗೆಯನ್ನು ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಸರಿಸುತ್ತಾ ಗಿಡವನ್ನು ಹೊರಗಿನ ಗಾಳಿಗೆ ಒಗ್ಗಿಸಬೇಕು.

ಕುಂಡ ಮತ್ತು ಬೆಳಕು

ಎರಡು ತಿಂಗಳ ಸಸಿಯನ್ನು ಹತ್ತು ಹನ್ನೆರಡು ಇಂಚಿನ ಕುಂಡಕ್ಕೆ ಬದಲಾಯಿಸಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು; ಒಂದು ಮುಷ್ಟಿ ಬೇವಿನ ಹಿಂಡಿ ಸೇರಿಸಿದರೆ ಒಳ್ಳೆಯದು. ಕುಂಡದ ತೂತುಗಳು ತೆರೆದಿರಬೇಕು, ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಬಾರದು. ಬೇರುಗಳೂ ಉಸಿರಾಡುತ್ತವೆ, ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಅವು ಸಾಯುತ್ತವೆ. ಮೆಣಸಿನ ಬೇರು ಈ ವಿಷಯದಲ್ಲಿ ಬಹಳ ಸೂಕ್ಷ್ಮ.

ಕಾಡಿನ ಕೆಳಹಂತದ ಸಸ್ಯವಾದ್ದರಿಂದ ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ. ಹಾಗೆಂದು ಮನೆಯೊಳಗಿನ ಕತ್ತಲ ಮೂಲೆಯಲ್ಲಿಟ್ಟರೆ ಎಲೆ ಬೆಳೆಯುತ್ತದೆ, ತೆನೆ ಬರುವುದಿಲ್ಲ. ಬೆಳಗಿನ ಬಿಸಿಲು ಬೀಳುವ ಜಗಲಿ ಅಥವಾ ಅರ್ಧ ಬೆಳಕು ಬಿಡುವ ನೆರಳುಪರದೆ ಸೂಕ್ತ. ಕೇರಳದ ಪನ್ನಿಯೂರಿನ ಸಂಶೋಧನಾ ಕೇಂದ್ರದಲ್ಲಿ ಉತ್ತಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿಗಳನ್ನು ಕೂಡಿಸಿ ಪಡೆದ ಪನ್ನಿಯೂರು-1 ತಳಿಗೆ ದಟ್ಟ ನೆರಳು ಒಗ್ಗದು. ಅದನ್ನು ಆರಿಸಿದವರು ಬೆಳಕಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು.

ಕೆಲವೊಮ್ಮೆ ಪೊದೆಯ ಬುಡದಿಂದ ಗೆಣ್ಣುಗೆಣ್ಣಿಗೂ ಬೇರುಳ್ಳ ಉದ್ದನೆಯ ಕುಡಿಯೊಂದು ಹೊರಡುತ್ತದೆ. ತುಂಡಿನೊಂದಿಗೆ ಮುಖ್ಯ ಕಾಂಡದ ಗೆಣ್ಣು ಸೇರಿಕೊಂಡು ಬಂದಿದ್ದರೆ ಹೀಗಾಗುತ್ತದೆ. ಅದನ್ನು ಕೂಡಲೇ ಕತ್ತರಿಸದಿದ್ದರೆ ಗಿಡದ ಶಕ್ತಿಯೆಲ್ಲ ಏರುವುದಕ್ಕೇ ಖರ್ಚಾಗುತ್ತದೆ.

ಹೂವು ಕಾಳಾಗುವ ಬಗೆ

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಹೊಸ ಚಿಗುರಿನೊಂದಿಗೆ ತೆನೆಗಳು ಇಳಿಯುತ್ತವೆ. ಒಂದು ತೆನೆಯನ್ನು ಭೂತಗನ್ನಡಿಯಲ್ಲಿ ನೋಡಿದವರು ಅದನ್ನು ಮರೆಯಲಾರರು. ಒಂದೊಂದರಲ್ಲೂ ಹತ್ತಾರು ಹೂವುಗಳು; ಅವುಗಳಿಗೆ ದಳವಿಲ್ಲ, ಬಣ್ಣವಿಲ್ಲ. ಪುಟ್ಟ ಹಸಿರು ಅಂಡಾಶಯ, ಅದರ ನೆತ್ತಿಯ ಮೇಲೆ ನಕ್ಷತ್ರದಂತೆ ಬಿಚ್ಚಿಕೊಂಡ, ಪರಾಗವನ್ನು ಹಿಡಿದುಕೊಳ್ಳುವ ಬಿಳಿಯ ಶಲಾಕಾಗ್ರ, ಪಕ್ಕದಲ್ಲಿ ಎರಡು ಕೇಸರ, ಇಷ್ಟೇ. ಪ್ರತಿ ಹೂವಿನಲ್ಲೂ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ, ಪರಾಗ ಉದುರುವುದು ಕೆಲವು ದಿನಗಳ ನಂತರ. ಹಾಗಾಗಿ ಹೂವಿಗೆ ಪರಾಗ ಹೆಚ್ಚಾಗಿ ಬೇರೊಂದು ಹೂವಿನಿಂದ ಬರಬೇಕಾಗುತ್ತದೆ.

ಇಲ್ಲಿ ತೆನೆಯ ನಿಲುವು ಕೆಲಸಕ್ಕೆ ಬರುತ್ತದೆ. ತೆನೆ ಕೆಳಮುಖವಾಗಿ ನೇತಾಡುತ್ತದೆ, ಹೂವುಗಳು ಬುಡದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತವೆ. ಅಂದರೆ ಮೊದಲು ಅರಳಿ ಪರಾಗ ಬಿಡುವ ಹೂವುಗಳು ಮೇಲಿರುತ್ತವೆ, ಪರಾಗಕ್ಕೆ ಕಾದಿರುವ ಎಳೆಯ ಹೂವುಗಳು ಕೆಳಗಿರುತ್ತವೆ. ತೆನೆಯ ಮೇಲಿಂದ ಜಾರುವ ಮಳೆಹನಿ ಪರಾಗವನ್ನು ಹೊತ್ತು ಕೆಳಗಿನ ಹೂವುಗಳಿಗೆ ತಲುಪಿಸುತ್ತದೆ. ಜೂನ್, ಜುಲೈ ತಿಂಗಳಲ್ಲಿ ತುಂತುರು ಮಳೆ ಹದವಾಗಿ ಬಿದ್ದ ವರ್ಷ ಕಾಳು ಒತ್ತಾಗಿ ಕಟ್ಟುವುದನ್ನೂ, ನಡುವೆ ಮಳೆ ಕೈಕೊಟ್ಟರೆ ತೆನೆ ಉದುರುವುದನ್ನೂ, ಕಾಳುಗಳ ನಡುವೆ ಖಾಲಿ ಜಾಗ ಉಳಿಯುವುದನ್ನೂ ಕೊಡಗು, ಚಿಕ್ಕಮಗಳೂರು, ಶಿರಸಿಯ ಬೆಳೆಗಾರರು ಚೆನ್ನಾಗಿ ಬಲ್ಲರು. ಬಯಲುಸೀಮೆಯ ತಾರಸಿಯಲ್ಲಿ ಬೆಳೆಸುವವರು ಹೂ ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಸಣ್ಣ ಹನಿಯ ಸ್ಪ್ರೇಯಿಂದ ತೆನೆಗಳ ಮೇಲೆ ನೀರು ಸಿಂಪಡಿಸಬೇಕು. ಜೋರಾಗಿ ಹೊಡೆದರೆ ಪರಾಗ ತೊಳೆದುಹೋಗುತ್ತದೆ, ಹನಿ ತೆನೆಯ ಮೇಲೆ ನಿಧಾನವಾಗಿ ಜಾರಬೇಕು.

ಮಳೆ ಹೂವಿಗೆ ಹಿತವಾದರೂ ಬೇರಿಗೆ ಅದೇ ಅಪಾಯ. ಬಳ್ಳಿಗಳನ್ನು ಕೆಲವೇ ದಿನಗಳಲ್ಲಿ ಒಣಗಿಸುವ ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಫ್ಥೊರಾ ಎಂಬ ಶಿಲೀಂಧ್ರದಂತಹ ಸೂಕ್ಷ್ಮಜೀವಿ ಒದ್ದೆ ಮಣ್ಣಿನಲ್ಲಿ ನೀರಿನ ಮೂಲಕ ಹರಡುತ್ತದೆ. ಮಳೆಗಾಲಕ್ಕೆ ಮುನ್ನ ಮೈಲುತುತ್ತ ಮತ್ತು ಸುಣ್ಣದಿಂದ ಮಾಡುವ ಶೇಕಡಾ 1ರ ಬೋರ್ಡೊ ದ್ರಾವಣ ಸಿಂಪಡಿಸುವುದು, ಕುಂಡಗಳನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿಡುವುದು ಉಪಯುಕ್ತ. ದಕ್ಷಿಣ ಅಮೆರಿಕದ ಜೌಗಿನಲ್ಲಿ ಬೆಳೆಯುವ, ನಮ್ಮಲ್ಲಿ ಬ್ರೆಜಿಲಿಯನ್ ಹಿಪ್ಪಲಿ ಎಂದು ಕರೆಯುವ ಗಿಡ ಈ ರೋಗವನ್ನೂ ನಿಂತ ನೀರನ್ನೂ ತಡೆದುಕೊಳ್ಳುತ್ತದೆ. ಅದರ ಬುಡಕ್ಕೆ ಮೆಣಸಿನ ಅಡ್ಡಗವಲನ್ನು ಕಸಿ ಕಟ್ಟಿದ ಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ. ಆದರೆ ಜೌಗಿನ ಗಿಡದ ಬೇರು ಒಣಗುವುದನ್ನು ಸಹಿಸದು, ಬೇಸಿಗೆಯಲ್ಲಿ ಅದಕ್ಕೆ ನೀರು ತಪ್ಪಿಸುವಂತಿಲ್ಲ.

ಹೂ ಬಿಟ್ಟ ಆರರಿಂದ ಎಂಟು ತಿಂಗಳಿಗೆ ಕಾಳು ಬಲಿಯುತ್ತದೆ. ತೆನೆಯಲ್ಲಿ ಒಂದೆರಡು ಕಾಳು ಕೆಂಪಗಾದಾಗ ಇಡೀ ತೆನೆಯನ್ನು ಕೊಯ್ಯಬಹುದು. ಬಿಡಿಸಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹರಡಿದರೆ ಸಿಪ್ಪೆಯಲ್ಲಿ ನಡೆಯುವ ಉತ್ಕರ್ಷಣದಿಂದ ಎಲ್ಲ ಕಾಳೂ ಒಂದೇ ಸಮನೆ ಕಪ್ಪಾಗುತ್ತದೆ. ಗಿಡ ಮೂರು ವರ್ಷ ದಾಟಿದ ಮೇಲೆ ಅದರ ಬಲಿತ ಕವಲುಗಳಿಂದಲೇ ಹೊಸ ತುಂಡುಗಳನ್ನು ತೆಗೆದು ನೆರೆಯವರಿಗೆ ಹಂಚಬಹುದು. ಮರ ಹತ್ತುವ ಕುಡಿಯನ್ನು ಕಾಣದ ಆ ತುಂಡುಗಳೂ ಮತ್ತೆ ಪೊದೆಗಳಾಗಿಯೇ ಬೆಳೆಯುತ್ತವೆ.