ಫ್ರೇಮಿನೊಳಗೆ ಅಲೆಯಾಗಿದ್ದ ಕಸೂತಿಯನ್ನು ಸರಿಪಡಿಸಿದ್ದು ಹೀಗೆ

ಧಾರವಾಡ ಕಸೂತಿಯ ತುಂಡೊಂದು ಫ್ರೇಮಿನಲ್ಲಿ ಜೋತುಬಿದ್ದು ಅಲೆಅಲೆಯಾಗಿತ್ತು. ಕಾರಣ ಅಂಚಿಗೆ ಹಚ್ಚಿದ್ದ ಅಂಟು: ಮಳೆಗಾಲದ ತೇವಕ್ಕೆ ಬಟ್ಟೆ ಹಿಗ್ಗುತ್ತದೆ, ಅಂಟಿದ ಕಡೆ ಮಾತ್ರ ಅಲುಗುವುದಿಲ್ಲ.

ಅಂಟು ಹತ್ತಿದ ಅಂಚು ಕತ್ತರಿಸಿ, ನಾಲ್ಕೂ ಬದಿಗೆ 5 ಸೆಂ.ಮೀ. ಅಗಲದ, ಒಗೆದ ಕಾಟನ್ ಪಟ್ಟಿ ಹೊಲಿದೆ. ಆಮ್ಲರಹಿತ ಬೋರ್ಡಿನ ಮೇಲೆ ಹರಡಿ, ಪ್ರತಿ ಬದಿಯ ನಡುವಿನಿಂದ ಮೂಲೆಯತ್ತ ಬೋರ್ಡಿನ ದಪ್ಪಕ್ಕೆ ಗುಂಡುಪಿನ್ನು ಚುಚ್ಚುತ್ತಾ ಹೋಗಬೇಕು. ಮೂಲೆಯಿಂದ ಶುರುಮಾಡಿದರೆ ಎಳೆ ಓರೆಯಾಗುತ್ತದೆ. ಗವಂತಿ ಎಂಬ ಕಸೂತಿ ಹೊಲಿಗೆಯ ನೇರ ಗೆರೆಯಲ್ಲಿ ಅದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಹಿಂಬದಿಯಲ್ಲಿ ಗಟ್ಟಿ ಕಾಟನ್ ದಾರದಿಂದ, 1 ಸೆಂ.ಮೀ.ಗೊಂದು ಹೊಲಿಗೆಯಂತೆ, ಎದುರುಬದುರಿನ ಪಟ್ಟಿಗಳನ್ನು ಹೆಣೆದು ಬಿಗಿದೆ. ಮೊದಲು ಉದ್ದ, ನಂತರ ಅಡ್ಡ. ತೀರಾ ಎಳೆದರೆ ಹೊಲಿಗೆಯ ತೂತುಗಳು ಅಗಲವಾಗುತ್ತವೆ.

ಗಾಜಿಗೂ ಬಟ್ಟೆಗೂ ನಡುವೆ ಅಂತರ ಉಳಿಯಲು ಫ್ರೇಮಿನ ಅಂಚಿಗೆ 6 ಮಿ.ಮೀ. ದಪ್ಪದ ಪಟ್ಟಿ ಇಟ್ಟೆ. ಇದನ್ನು ಬಿಡಲೇಬಾರದು, ಗಾಜು ತಾಗಿದಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ.