ಬೆಲೂನು ಕಟ್ಟಿ ಬಾಂಡಿಂಗ್ ಹೇಳಿಕೊಡುವುದು: ನನ್ನ ಅನುಭವ

ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯವರೇ ಜಾಸ್ತಿ. ಬಾಂಡಿಂಗ್, ಅಂದರೆ ಪರಮಾಣುಗಳು ಒಂದಕ್ಕೊಂದು ಕೂಡುವ ಪಾಠಕ್ಕೆ ಬರುವ ಹೊತ್ತಿಗೆ ಮೀಥೇನ್, ಅಮೋನಿಯಾ, ನೀರಿನ ಬಂಧಗಳ ನಡುವಿನ ಕೋನ 109.5, 107, 104.5 ಡಿಗ್ರಿ ಅಂತ ಎಲ್ಲರಿಗೂ ಬಾಯಿಪಾಠ. ಮೀಥೇನ್ ಬರೆಯಿರಿ ಅಂದರೆ ಮಾತ್ರ ಒಂದು ಕೂಡುವ ಗುರುತು ಎಳೆದು ಪಕ್ಕದಲ್ಲಿ 109.5 ಅಂತ ಬರೆಯುತ್ತಾರೆ. ಚಿತ್ರದಲ್ಲಿ ಕಾಣುವುದು 90 ಡಿಗ್ರಿ. ಯಾರಿಗೂ ಅನುಮಾನವೇ ಬರುವುದಿಲ್ಲ!

ಅದಕ್ಕೇ ನಾನು ಮೊದಲು ಬೆಲೂನು ತರುತ್ತೇನೆ. ಎರಡನ್ನು ಊದಿ ಬಾಯಿಗೆ ಬಾಯಿ ಗಂಟು ಹಾಕಬೇಕು. ಅಂಥದ್ದೇ ಇನ್ನೊಂದು ಜೊತೆ ಮಾಡಿ, ಎರಡನ್ನೂ ಗಂಟಿನ ಹತ್ತಿರ ತಿರುಚಬೇಕು. ನಾಲ್ಕೂ ತಾವಾಗಿಯೇ ನಾಲ್ಕು ಮೂಲೆಗೆ ತಿರುಗುತ್ತವೆ. ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಿ ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತವೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ, ನಾನು ತೋರಿಸಿದರೆ ಸುಮ್ನೆ ನೋಡಿ ನಗುತ್ತಾರೆ ಅಷ್ಟೆ.

ಒಂದೊಂದು ಬೆಲೂನು ಒಂದೊಂದು ಎಲೆಕ್ಟ್ರಾನ್ ಜೋಡಿ. ಮಧ್ಯದ ಪರಮಾಣುವಿನ ಸುತ್ತ ಇರುವ ಜೋಡಿಗಳು ಒಂದರಿಂದ ಒಂದು ಆದಷ್ಟು ದೂರ ನಿಲ್ಲುತ್ತವೆ. ರಸಾಯನ ವಿಜ್ಞಾನಿಗಳಾದ ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಬೆಳೆಸಿದ ವಿಎಸ್‌ಇಪಿಆರ್ ಸಿದ್ಧಾಂತದ (ಹೊರ ಎಲೆಕ್ಟ್ರಾನ್ ಜೋಡಿಗಳ ತಳ್ಳಾಟದಿಂದ ಅಣುವಿನ ಆಕಾರ ಹೇಳುವುದು) ತಿರುಳು ಇಷ್ಟೇ. ಬರೀ ಋಣ ವಿದ್ಯುತ್ತಿನ ಜಗಳ ಅಂತ ಹೇಳಿ ನಿಲ್ಲಿಸಬೇಡಿ. ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರಲಾರವು ಎನ್ನುವ ಪೌಲಿ ನಿಯಮದ ಪಾತ್ರ ಇಲ್ಲಿ ದೊಡ್ಡದು.

ಆಮೇಲೆ ಲೋನ್ ಪೇರ್, ಅಂದರೆ ಬಂಧಕ್ಕೆ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿ. ನನಗೆ ಪಾಠದ ಜೀವ ಇರುವುದೇ ಇಲ್ಲಿ ಅನ್ನಿಸುತ್ತದೆ. ನಾಲ್ಕರಲ್ಲಿ ಒಂದು ಬೆಲೂನನ್ನು ಉಳಿದವಕ್ಕಿಂತ ದೊಡ್ಡದಾಗಿ ಊದಿ ಕಟ್ಟಿಸುತ್ತೇನೆ. ಉಳಿದ ಮೂರೂ ಹತ್ತಿರ ಸರಿಯುತ್ತವೆ. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್ ಎಳೆದಿಟ್ಟಿರುತ್ತವೆ. ಲೋನ್ ಪೇರ್‌ಗೆ ಒಂದೇ ಹಿಡಿತ, ಅದಕ್ಕೆ ಅಗಲವಾಗಿ ಹರಡಿಕೊಳ್ಳುತ್ತದೆ. ಅಮೋನಿಯಾದಲ್ಲಿ ಅಂಥದ್ದು ಒಂದು, ಕೋನ 107. ನೀರಿನಲ್ಲಿ ಎರಡು, ಕೋನ 104.5.

ಲೆಕ್ಕವೇನೂ ಕಷ್ಟವಿಲ್ಲ. ನೈಟ್ರೋಜನ್‌ನ 5 ಹೊರ ಎಲೆಕ್ಟ್ರಾನ್, ಮೂರು ಹೈಡ್ರೋಜನ್‌ನಿಂದ 3, ಒಟ್ಟು 8, ಅಂದರೆ 4 ಜೋಡಿ. ಮೂರು ಬಂಧಕ್ಕೆ ಹೋದರೆ ಒಂದು ಉಳಿಯಿತು. ಡಬಲ್ ಬಾಂಡ್ ಇದ್ದರೆ ಅದನ್ನು ಒಂದೇ ದಿಕ್ಕು ಅಂತ ಎಣಿಸಿ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡೇ ದಿಕ್ಕು ಉಳಿದು, ಅದು ನೇರ ಗೆರೆಯಾಗುವುದು ಹಾಗೆ.

ಚುರುಕಾದವರಿಗೆ ನೈಟ್ರೋಜನ್ ಟ್ರೈಫ್ಲೋರೈಡ್ ಕೊಡುತ್ತೇನೆ. ಇಲ್ಲೂ ಮೂರು ಬಂಧ, ಒಂದು ಲೋನ್ ಪೇರ್, ಆದರೆ ಕೋನ ಸುಮಾರು 102. ಫ್ಲೋರಿನ್ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ನೈಟ್ರೋಜನ್ ಪಕ್ಕದಲ್ಲಿ ಅವುಗಳ ತಳ್ಳಾಟ ಕಡಿಮೆಯಾಗುತ್ತದೆ. ಇದನ್ನು ತಾನೇ ಕಂಡುಕೊಂಡ ಹುಡುಗಿಗೆ ಟೇಬಲ್ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಅಲ್ವಾ?

ಹೈಡ್ರೋಜನ್ ಸಲ್ಫೈಡ್ ಬಂದಾಗ ಮಾತ್ರ ಬೆಲೂನು ಪಕ್ಕಕ್ಕಿಡುತ್ತೇನೆ. ನೀರಿನಂತೆಯೇ ಎರಡು ಲೋನ್ ಪೇರ್, ಕೋನ ಮಾತ್ರ ಸುಮಾರು 92. ಬಾಗಿರುತ್ತದೆ ಅಂತ ಬೆಲೂನು ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅಲ್ಲಿಂದ ಮುಂದೆ ಆರ್ಬಿಟಲ್ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರುವ ಜಾಗ) ಪಾಠ ಶುರು.