ತಾಡಪತ್ರಿ ಚೀಲ: ಮೇಣ ಬಿಡಿಸಿದ ಮೇಲೆಯೇ ಹೊಲಿಗೆ ಗಟ್ಟಿಯಾಗಿ ನಿಂತಿತು

ಹಾಯಿ ಬಟ್ಟೆಯಂಥ ದಪ್ಪ ಹತ್ತಿ ಕ್ಯಾನ್ವಾಸಿನಲ್ಲಿ ಕೈಚೀಲ ಹೊಲಿಯಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು. ಕಲಬುರಗಿಯಲ್ಲಿ ಹಾಯಿ ಎಲ್ಲಿ ಸಿಗಬೇಕು? ಆದರೆ ಅದೇ ಜಾತಿಯ ಬಟ್ಟೆ ನಮ್ಮ ಲಾರಿಗಳ ಮೇಲೇ ಇತ್ತಲ್ವಾ! ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಹಳೇ ಹತ್ತಿ ತಾಡಪತ್ರಿಗಳು ಮೂಲೆ ಸೇರಿವೆ. ನೆಹರು ಗಂಜ್ ಕಡೆ ವಿಚಾರಿಸಿದೆ. ಕಿಲೋಗೆ 40 ರೂಪಾಯಿ ಆಸುಪಾಸಿಗೆ ಸಿಕ್ಕಿತು.

"ಅಕ್ಕಾ, ಇದು ಹೊಲಿಯೋ ಅರಿವಿ ಅಲ್ರಿ, ಮಷೀನ್ ಹಾಳಾಗ್ತದ" ಅಂದರು ಓಣಿಯ ಟೇಲರ್. ಮೊದಮೊದಲು ಅವರ ಮಾತೇ ನಿಜ ಅನ್ನಿಸಿತ್ತು. 18 ನಂಬರ್ ಸೂಜಿ ಹಾಕಿದರೂ ನಾಲ್ಕು ಮಡಿಕೆ ಸೇರುವಲ್ಲಿ ಮುರಿಯುತ್ತಿತ್ತು. ಸೂಜಿ, ದಾರ, ಮಷೀನ್ ರಿಪೇರಿ ಅಂತ ಎರಡು ಸಾವಿರದಷ್ಟು ಹೋಯಿತು. ಮುರಿದ ಸೂಜಿಯೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿನ ತುಂಬ ಕಪ್ಪು ಅಂಟು. ನೀರು ತಡೆಯಲು ಹಾಕಿದ್ದ ಮೇಣ ಸೂಜಿಯ ಬಿಸಿಗೆ ಕರಗಿ, ಧೂಳಿನ ಜೊತೆ ಕೂತು, ದಾರವನ್ನು ಎಳೆ ಎಳೆಯಾಗಿ ಹರಿಯುತ್ತಿತ್ತು.

ಆಮೇಲೆ ಮೇಣ ಬಿಡಿಸಿಯೇ ಹೊಲಿದೆ. ಹಂಡೆಯಲ್ಲಿ ನೀರು ಕುದಿಸಿ, ವಾಷಿಂಗ್ ಸೋಡಾ, ಬಾರ್ ಸೋಪು ಹಾಕಿ, ತುಂಡುಗಳನ್ನು ಅದರಲ್ಲೇ ಕುದಿಸಬೇಕು. ಮೇಣ ಮೇಲೆ ತೇಲುತ್ತದೆ. ನೀರು ಆರಿದ ಮೇಲೆ ಕೆನೆಯ ಹಾಗೆ ತೆಗೆದುಬಿಡಿ. ಮೋರಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಇನ್ನೊಂದು ಲಾಭ: ಬಟ್ಟೆ ಕುಗ್ಗುವಷ್ಟು ಈಗಲೇ ಕುಗ್ಗುತ್ತದೆ, ಹೊಲಿದ ಮೇಲೆ ಸೊಟ್ಟ ಆಗೋದಿಲ್ಲ. ಅಳತೆ ಹಾಕುವ ಮೊದಲು ಅಂಚನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ. ಬಿಸಿಲಿಗೆ ಸತ್ತ ಬಟ್ಟೆ ಪರ್ರನೆ ಹರಿಯುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನನಗೆ ಅರ್ಧಕ್ಕಿಂತ ಜಾಸ್ತಿ ಹಾಗೇ ಹೋಯಿತು.

ದಾರ ನೈಲಾನ್. ಹತ್ತಿ ದಾರ ಈ ಬಟ್ಟೆಗಿಂತ ಮೊದಲೇ ಕೊಳೆಯುತ್ತದೆ. ದಪ್ಪ ಜಾಗವನ್ನು ಕೊಡತಿಯಿಂದ ಬಡಿದು ಚಪ್ಪಟೆ ಮಾಡಿ, ಅಲ್ಲಿ ಮೋಟರ್ ಬಿಟ್ಟು ಚಕ್ರ ಕೈಯಲ್ಲೇ ತಿರುಗಿಸುತ್ತೇನೆ. ಹಿಡಿಕೆಯ ಬುಡಕ್ಕೆ ಚೌಕದ ಹೊಲಿಗೆ, ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿಗೆ. ಕೊನೆಗೆ ಮತ್ತೆ ಮೇಣ ಹಚ್ಚುತ್ತೇನೆ, ಈ ಸಲ ಜೇನುಮೇಣ ಬೆರೆಸಿ. ಎಷ್ಟಕ್ಕೆ ಎಷ್ಟು, ಬಿಸಿ ಎಷ್ಟಿರಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಬಣ್ಣದ ಹುಚ್ಚೂ ಹಿಡಿದಿತ್ತು. ಅಳಲೆಕಾಯಿ ನೀರಲ್ಲಿ ನೆನೆಸಿ, ತುಕ್ಕು ಹಿಡಿದ ಮೊಳೆಯ ನೀರಿಗೆ ಅದ್ದಿದರೆ ಒಳ್ಳೆ ಕಪ್ಪು ಬರುತ್ತದೆ. ಮೇಣ ಉಳಿದಲ್ಲೆಲ್ಲ ಬಿಳಿ ಮಚ್ಚೆ. ಆ ಮಚ್ಚೆಯ ಚೀಲಗಳೇ ಮೊದಲು ಖರ್ಚಾದವು!

ಹತ್ತು ಕಿಲೋ ತೊಗರಿಬೇಳೆ ತುಂಬಿ ರಾತ್ರಿಯೆಲ್ಲ ಕೊಂಡಿಗೆ ನೇತು ಹಾಕಿದ್ದೆ. ಒಂದು ಹೊಲಿಗೆಯೂ ಬಿಡಲಿಲ್ಲ. ಅದೇ ಟೇಲರ್ ಬಂದು ಜಗ್ಗಿ ಜಗ್ಗಿ ನೋಡಿದರು, ಮನೆಗೆ ಎರಡು ಒಯ್ದರು, ದುಡ್ಡು ಕೊಟ್ಟೇ. ನನ್ನ ಕೂಲಿ ಬಿಟ್ಟು ಒಂದಕ್ಕೆ 150 ರೂಪಾಯಿ ಬೀಳುತ್ತದೆ, 450ಕ್ಕೆ ಮಾರುತ್ತೇನೆ. ತಾಡಪತ್ರಿ ಅಂಚಿನ ಹಿತ್ತಾಳೆ ರಿಂಗುಗಳನ್ನು ಮಾತ್ರ ಗುಜರಿಯವರಿಗೆ ಬಿಡಬೇಡಿ, ಹಗ್ಗದ ಹಿಡಿಕೆ ಪೋಣಿಸೋಕೆ ಅವೇ ಬೇಕು.